ಹಿಟ್ಟು ಬೇರೆ, ದೋಸೆ ಬೇರೆ: ಫೋಟೋ ಸೇವ್ ಮಾಡೋದು, ಎಕ್ಸ್‌ಪೋರ್ಟ್ ಮಾಡೋದು

ಕೋಲ್ಕತ್ತಾದಿಂದ ಮಾತಾಡ್ತಾ ಇದೀನಿ. ವಿಡಿಯೋದಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನೇರ ಮಾಡಿ ಬರೆದಿದ್ದೇನೆ. ಓದೋಕೆ ಇಷ್ಟಪಡುವವರಿಗೆ, ಮತ್ತೆ ಅಂಕಿಸಂಖ್ಯೆ ಹುಡುಕಿಕೊಂಡು ವಿಡಿಯೋ ಹಿಂದೆ ಮುಂದೆ ಎಳೆಯೋಕೆ ಬೇಜಾರಾಗುವವರಿಗೆ ಅನುಕೂಲ ಆಗಲಿ ಅಂತ.

ಈ ಸಲದ ವಿಷಯ ಎಡಿಟ್ ಮಾಡಿದ ಫೋಟೋವನ್ನು ಉಳಿಸಿಕೊಳ್ಳೋದು ಹೇಗೆ, ಹೊರಗೆ ಕಳಿಸೋದು ಹೇಗೆ ಅನ್ನೋದು. "ಇದರಲ್ಲೇನಿದೆ ಹೇಳೋಕೆ, ಕಂಟ್ರೋಲ್ ಎಸ್ ಒತ್ತಿದರಾಯ್ತಲ್ಲ" ಅಂತ ನೀವು ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆ ಒಂದು ಕಂಟ್ರೋಲ್ ಎಸ್‌ನಿಂದ ನಾನು ಕಳೆದುಕೊಂಡಿದ್ದನ್ನು ಮೊದಲು ಹೇಳಿಬಿಡ್ತೀನಿ.

ಪ್ರಿನ್ಸೆಪ್ ಘಾಟ್‌ನ ಫೋಟೋ

2018ರ ದುರ್ಗಾಪೂಜೆಗೆ ನಮ್ಮಜ್ಜಿ ಅರಸೀಕೆರೆಯಿಂದ ಇಲ್ಲಿಗೆ ಬಂದಿದ್ದರು. ಜನಜಂಗುಳಿ ಬೇಡ ಅಂತ ಒಂದು ಸಂಜೆ ಪ್ರಿನ್ಸೆಪ್ ಘಾಟ್‌ಗೆ ಕರೆದುಕೊಂಡು ಹೋಗಿದ್ದೆ. ಹಿಂದೆ ಹೂಗ್ಲಿ ನದಿ, ಅದರಾಚೆ ಇಳಿಯೋ ಬಿಸಿಲು. ಬ್ರಾಹ್ಮಿ ಲಿಪಿಯನ್ನು ಓದಿ ತೋರಿಸಿದ ಜೇಮ್ಸ್ ಪ್ರಿನ್ಸೆಪ್ ಹೆಸರಲ್ಲಿ ಈ ಘಾಟ್ ಕಟ್ಟಿದ್ದು, ನಮ್ಮ ಕನ್ನಡ ಅಕ್ಷರಗಳ ಮೂಲಾನೂ ಅದೇ ಬ್ರಾಹ್ಮಿ ಅಂತ ಹೇಳಿದೆ. "ಹಂಗಾದ್ರೆ ನಮ್ಮೋನೇ ಅನ್ನು" ಅಂದರು. ಕೈಯಲ್ಲಿ ಇಲ್ಲಿಯವರು ಭಾಂಡ್ ಅನ್ನೋ ಮಣ್ಣಿನ ಕುಡಿಕೆ. ಕುಡಿದು ಆದಮೇಲೆ ಅದನ್ನು ಬಿಸಾಡೋಕೆ ಅವರಿಗೆ ಮನಸ್ಸು ಬರಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಆಗ ಒಂದು ಫೋಟೋ ತೆಗೆದೆ.

ರಾತ್ರಿ ಮನೆಗೆ ಬಂದು ಫೋಟೋವನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಬೆಳಕು ಸ್ವಲ್ಪ ಏರಿಸಿದೆ. ಫ್ಯಾಮಿಲಿ ಗ್ರೂಪಿಗೆ ಹಾಕೋಣ ಅಂತ ಮುಖ ಮಾತ್ರ ಬರುವ ಹಾಗೆ ಚೌಕಾಕಾರ ಕತ್ತರಿಸಿ, 640 ಪಿಕ್ಸೆಲ್‌ಗೆ ಇಳಿಸಿ, ಕಂಟ್ರೋಲ್ ಎಸ್ ಒತ್ತಿದೆ. "ಇರುವ ಫೈಲಿನ ಮೇಲೇ ಬರೆಯಲಾ?" ಅಂತ ಅದು ಕೇಳಿತು. ಕೇಳಿದ್ದಕ್ಕೆಲ್ಲ ಹೂಂ ಅನ್ನೋ ಅಭ್ಯಾಸ ನೋಡಿ, ಹೂಂ ಅಂದೆ. ಮಾರನೇ ದಿನ ಪಂಡಾಲ್ ಸುತ್ತೋಕೆ ಜಾಗ ಬೇಕು ಅಂತ ಮೆಮೊರಿ ಕಾರ್ಡನ್ನೂ ಫಾರ್ಮ್ಯಾಟ್ ಮಾಡಿದೆ.

2022ರಲ್ಲಿ ಅಜ್ಜಿ ತೀರಿಕೊಂಡರು. ವರ್ಷದ ತಿಥಿಗೆ ಮುಂಚೆ ಅತ್ತೆ ಫೋನ್ ಮಾಡಿದರು: "ಕೋಲ್ಕತ್ತಾದಲ್ಲಿ ನೀನು ತೆಗೆದಿದ್ದೆಯಲ್ಲ, ಅದರಲ್ಲಿ ಅಮ್ಮ ನಗ್ತಾ ಇದಾಳೆ ಕಣೋ. ಅದನ್ನೇ ದೊಡ್ಡದು ಮಾಡಿಸಿಕೊಂಡು ಬಾ." ಎಸ್ಪ್ಲನೇಡ್ ಹತ್ತಿರ ಕ್ಯಾಮೆರಾ ಅಂಗಡಿಗಳ ಸಾಲಿರುವ ಮೆಟ್ರೋ ಗಲ್ಲಿ ಇದೆಯಲ್ಲ, ಅಲ್ಲಿ ವಿಚಾರಿಸಿ ಒಂದು ಪ್ರಿಂಟ್ ಅಂಗಡಿಗೆ ಹೋದೆ. 12 ಇಂಚು ಅಗಲ, 18 ಇಂಚು ಎತ್ತರದ ಪ್ರಿಂಟ್ ಬೇಕು ಅಂದೆ. ಅಂಗಡಿಯವರು ಫೈಲ್ ತೆಗೆದು ನೋಡಿ, "ದಾದಾ, ಒರಿಜಿನಲ್ ಫೈಲ್‌ಟಾ ದಿನ್" ಅಂದರು. ಒರಿಜಿನಲ್ ಕೊಡಿ ಅಂತ. ಇದೇ ಒರಿಜಿನಲ್ ಅಂದೆ. ಅವರು ನನ್ನ ಮುಖ ನೋಡಿ ಸುಮ್ಮನಾದರು.

ಲೆಕ್ಕ ಹಾಕಿ ನೋಡಿ. ಹತ್ತಿರದಿಂದ ನೋಡುವ ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಅಂತ ಇಟ್ಟುಕೊಳ್ತಾರೆ. ನನ್ನ 640 ಪಿಕ್ಸೆಲ್ ಆ ಲೆಕ್ಕದಲ್ಲಿ ಎರಡು ಇಂಚು ಚಿಲ್ಲರೆಗೆ ಸಾಕು. 12 ಇಂಚಿಗೆ ಎಳೆದರೆ ಇಂಚಿಗೆ 53 ಪಿಕ್ಸೆಲ್ ಬರುತ್ತೆ, ಮುಖವೆಲ್ಲ ಮೆಟ್ಟಿಲು ಮೆಟ್ಟಿಲು. ನನ್ನ ಕ್ಯಾಮೆರಾ ತೆಗೆದಿದ್ದ ಮೂಲ ಚಿತ್ರ 6000ಕ್ಕೆ 4000 ಪಿಕ್ಸೆಲ್. ಅದೇ 12ಕ್ಕೆ 18ರ ಹಾಳೆಯ ಮೇಲೆ ಇಂಚಿಗೆ 333 ಪಿಕ್ಸೆಲ್ ಆಗ್ತಿತ್ತು. ಅಳೆದು ಹೊಲಿದ ಹಾಗೆ ಕೂರ್ತಿತ್ತು.

ಎಐ ಹಾಕಿ ದೊಡ್ಡದು ಮಾಡಿ ನೋಡೋಣ ಅಂತ ಅಂಗಡಿಯವರೇ ಹೇಳಿದರು. ಮಾಡಿದರು. ಚಿತ್ರ ಚೊಕ್ಕವಾಗಿ ಬಂತು. ಆದರೆ ಕೆನ್ನೆಯ ಗೆರೆಗಳು ಹೋಗಿದ್ದವು, ಕಣ್ಣಿನ ಹತ್ತಿರದ ಸುಕ್ಕು ಬೇರೆ ಯಾವುದೋ ಆಕಾರಕ್ಕೆ ತಿರುಗಿತ್ತು. ಅಜ್ಜಿಯ ಹಾಗಿರುವ ಇನ್ಯಾರೋ ಹೆಂಗಸು. ಬೇಡ ಅಂದೆ. ಆಮೇಲೆ, ಕೈಗಳು ಮತ್ತು ಆ ಕುಡಿಕೆ! ಅದನ್ನು ನಾನೇ ಕತ್ತರಿಸಿ ಎಸೆದಿದ್ದೆ. ಯಾವ ಎಐ ಕೂಡ ಅದನ್ನು ವಾಪಸ್ ತಂದುಕೊಡಲ್ಲ.

ಇಲ್ಲಿ ಸಾಫ್ಟ್‌ವೇರ್‌ದೂ ತಪ್ಪಿಲ್ಲ, ಅಂಗಡಿಯವರದ್ದೂ ತಪ್ಪಿಲ್ಲ. ತಪ್ಪು ನನ್ನದು. ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಎಂ.ಟೆಕ್ ಮಾಡಿರೋನು ನಾನು. ಇಮೇಜ್ ಕಂಪ್ರೆಶನ್ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸೂ ತಗೊಂಡಿದ್ದೆ.

ಸೇವ್ ಅಂದರೆ ಹಿಟ್ಟು, ಎಕ್ಸ್‌ಪೋರ್ಟ್ ಅಂದರೆ ದೋಸೆ

ಇಡೀ ಮಾತಿನ ಸಾರ ಇಷ್ಟೇ. ಪಾತ್ರೆಯಲ್ಲಿ ಹಿಟ್ಟು ಇದ್ದರೆ ಅದರಿಂದ ಸಾದಾ ದೋಸೆ ಹುಯ್ಯಬಹುದು, ಮಸಾಲೆ ಮಾಡಬಹುದು, ಮಗುವಿಗೆ ಅಂತ ಚಿಕ್ಕದೊಂದು ಹುಯ್ಯಬಹುದು. ದೋಸೆ ಆದಮೇಲೆ ಅದನ್ನು ವಾಪಸ್ ಹಿಟ್ಟು ಮಾಡೋಕಾಗಲ್ಲ.

ಸೇವ್ ಅಂದರೆ ಹಿಟ್ಟನ್ನು ಮುಚ್ಚಿಡೋದು. ಎಡಿಟ್ ಮಾಡ್ತಿರೋ ಫೈಲನ್ನು ಆ ಸಾಫ್ಟ್‌ವೇರಿನ ಸ್ವಂತ ಫಾರ್ಮ್ಯಾಟ್‌ನಲ್ಲಿ ಇಡ್ತೀರಿ. ಗಿಂಪ್ ಆದರೆ ಎಕ್ಸ್‌ಸಿಎಫ್, ಫೋಟೋಶಾಪ್ ಆದರೆ ಪಿಎಸ್‌ಡಿ. ಅದರಲ್ಲಿ ಪದರಗಳು ಪದರಗಳಾಗಿಯೇ ಇರುತ್ತವೆ, ಬರೆದ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ನಾಳೆ ತೆಗೆದು ತಿದ್ದಬಹುದು.

ಎಕ್ಸ್‌ಪೋರ್ಟ್ ಅಂದರೆ ಒಂದು ಜಾಗಕ್ಕೆ ಕಳಿಸೋಕೆ ಅಂತ ದೋಸೆ ಹುಯ್ಯೋದು. ಪದರಗಳೆಲ್ಲ ಒತ್ತಿ ಒಂದೇ ಹಾಳೆ ಆಗುತ್ತೆ, ಅಳತೆ ನಿಗದಿಯಾಗುತ್ತೆ, ಬಣ್ಣಗಳು ನಿಗದಿಯಾಗುತ್ತವೆ. ಅದು ಹೊರಗೆ ಹೋಗುವ ನಕಲು.

ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹೇಳಿದ್ದು ಗಿಂಪ್. ನಾನು ಎಂ.ಟೆಕ್ ಓದ್ತಿದ್ದಾಗ, 2012ರ ಮೇ ತಿಂಗಳಲ್ಲಿ ಅದರ 2.8 ಆವೃತ್ತಿ ಬಂತು. ಅಲ್ಲಿಂದ ಸೇವ್ ಒತ್ತಿದರೆ ಎಕ್ಸ್‌ಸಿಎಫ್ ಮಾತ್ರ. ಜೆಪೆಗ್, ಪಿಎನ್‌ಜಿ ಬೇಕಾದರೆ ಎಕ್ಸ್‌ಪೋರ್ಟ್‌ಗೇ ಹೋಗಬೇಕು. ಜನ ತುಂಬಾ ಬೈದರು. ನಾನೂ ಹಾಸ್ಟೆಲ್‌ನಲ್ಲಿ ಕೂತು ಬೈದಿದ್ದೆ, "ಒಂದು ಜೆಪೆಗ್ ಉಳಿಸೋಕೆ ಇಷ್ಟು ಸರ್ಕಸ್ಸಾ" ಅಂತ. 2021ರಲ್ಲಿ ಫೋಟೋಶಾಪ್ ಕೂಡ ಅದೇ ದಾರಿಗೆ ಬಂತು. ಪದರಗಳಿರುವ ಫೈಲನ್ನು ಜೆಪೆಗ್ ಮಾಡೋದನ್ನು ‘ಸೇವ್ ಆ್ಯಸ್’ನಿಂದ ತೆಗೆದು ‘ಸೇವ್ ಎ ಕಾಪಿ’ ಅನ್ನೋ ಬೇರೆ ಬಾಗಿಲಿಗೆ ಹಾಕಿದರು. ಹೆಸರಲ್ಲೇ ಇದೆ ನೋಡಿ, ಇದು ಕಾಪಿ ಕಣಪ್ಪಾ, ಮೂಲ ಅಲ್ಲ ಅಂತ.

ಲೈಟ್‌ರೂಮ್, ಡಾರ್ಕ್‌ಟೇಬಲ್ ಬಳಸುವವರಿಗೆ ಇನ್ನೊಂದು ರೀತಿ. ಅಲ್ಲಿ ಮೂಲ ಫೋಟೋವನ್ನು ಮುಟ್ಟೋದೇ ಇಲ್ಲ. ಬೆಳಕು ಇಷ್ಟು ಏರಿಸು, ಇಲ್ಲಿ ಕತ್ತರಿಸು ಅನ್ನೋ ಸೂಚನೆಗಳನ್ನು ಮಾತ್ರ ಪಕ್ಕದಲ್ಲಿ ಬರೆದಿಡುತ್ತೆ. ಎಕ್ಸ್‌ಪೋರ್ಟ್ ಒತ್ತಿದಾಗಲೇ ಆ ಸೂಚನೆಗಳ ಪ್ರಕಾರ ಹೊಸ ಚಿತ್ರ ಹುಟ್ಟೋದು. ಹಾಗಾಗಿ "ಎಡಿಟ್ ಮಾಡಿದ್ದೆ, ಫೋಲ್ಡರ್‌ನಲ್ಲಿ ನೋಡಿದರೆ ಹಳೇ ಫೋಟೋನೇ ಇದೆ" ಅಂತ ಗಾಬರಿಯಾಗಬೇಡಿ. ನೀವು ಎಕ್ಸ್‌ಪೋರ್ಟ್ ಮಾಡಿಲ್ಲ, ಅಷ್ಟೇ.

ಜೆಪೆಗ್ ಒಳಗೆ ಏನಾಗುತ್ತೆ? ಒಬ್ಬ ಬೆಂಗಳೂರಿನವರ ಕತೆ

ದೋಸೆಯಿಂದ ಹಿಟ್ಟು ಯಾಕೆ ಬರಲ್ಲ ಅಂತ ಗೊತ್ತಾಗಬೇಕಾದರೆ ಜೆಪೆಗ್ ಒಳಗೆ ಇಣುಕಬೇಕು.

6000ಕ್ಕೆ 4000 ಅಂದರೆ 2 ಕೋಟಿ 40 ಲಕ್ಷ ಪಿಕ್ಸೆಲ್. ಒಂದೊಂದಕ್ಕೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್. ಒಟ್ಟು 72 ಎಂಬಿ. ಆದರೆ ಕ್ಯಾಮೆರಾದಿಂದ ಬರುವ ಜೆಪೆಗ್ ಸುಮಾರು 10 ಎಂಬಿ ಆಸುಪಾಸು ಇರುತ್ತೆ. ಉಳಿದಿದ್ದು ಎಲ್ಲಿಗೆ ಹೋಯ್ತು?

ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ನ ಚೌಕಗಳಾಗಿ ಹೋಳು ಮಾಡುತ್ತೆ. ಪ್ರತಿ ಚೌಕದಲ್ಲಿ 64 ಪಿಕ್ಸೆಲ್. ಆ 64 ಪಿಕ್ಸೆಲ್‌ಗಳನ್ನು 64 ಅಲೆಗಳ ಮೊತ್ತವಾಗಿ ಬದಲಾಯಿಸುತ್ತೆ. ಸಂಗೀತ ಕಛೇರಿ ನೆನಪಿಸಿಕೊಳ್ಳಿ. ತಂಬೂರಿಯ ಶ್ರುತಿ ಎಲ್ಲರಿಗೂ ಕೇಳುತ್ತೆ, ಹಿಂದಿನ ಸಾಲಿನಲ್ಲಿ ಯಾರದ್ದೋ ಬಳೆ ಸದ್ದು ಯಾರಿಗೂ ಕೇಳಲ್ಲ. ಚಿತ್ರದಲ್ಲೂ ನಿಧಾನವಾಗಿ ಬದಲಾಗುವ ದೊಡ್ಡ ಅಲೆಗಳು ಕಣ್ಣಿಗೆ ಮುಖ್ಯ, ಅತಿ ಸಣ್ಣ ಅಲೆಗಳು ಅಷ್ಟಾಗಿ ಕಾಣಲ್ಲ. ಜೆಪೆಗ್ ಆ ಸಣ್ಣ ಅಲೆಗಳನ್ನು ಒರಟಾಗಿ ಲೆಕ್ಕ ಹಿಡಿದು, ಬಹಳಷ್ಟನ್ನು ಸೊನ್ನೆ ಮಾಡಿಬಿಡುತ್ತೆ. ಎಷ್ಟು ಒರಟಾಗಿ ಅನ್ನೋದನ್ನು ನೀವು ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ‘ಕ್ವಾಲಿಟಿ’ ಅಂತ ಎಳೆಯೋ ಆ ಗುಂಡಿ ಹೇಳುತ್ತೆ.

ಈ ಅಲೆಗಳ ಲೆಕ್ಕಕ್ಕೆ ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಅಂದರೆ ಡಿಸಿಟಿ ಅಂತ ಹೆಸರು. ಕಂಡುಕೊಂಡವರು ನಾಸಿರ್ ಅಹಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಕೆ.ಆರ್. ಸರ್ಕಲ್‌ನಲ್ಲಿ ಇವತ್ತು ಯುವಿಸಿಇ ಅಂತ ಕರೆಯೋ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. 1972ರಲ್ಲಿ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿದ್ದಾಗ ಈ ವಿಷಯದ ಮೇಲೆ ಕೆಲಸ ಮಾಡ್ತೀನಿ ಅಂತ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ದುಡ್ಡು ಸಿಗಲಿಲ್ಲ. ಬಿಡದೆ 1973ರ ಬೇಸಿಗೆಯಲ್ಲಿ ಕೂತು ಮಾಡಿದರು. 1974ರ ಜನವರಿಯಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಪ್ರಬಂಧ ಪ್ರಕಟಿಸಿದರು. 1992ರಲ್ಲಿ ಬಂದ ಜೆಪೆಗ್ ಮಾನದಂಡದ ಹೃದಯ ಅದೇ. ನಿಮ್ಮ ಫೋನಿನಲ್ಲಿರೋ ಪ್ರತಿ ಜೆಪೆಗ್ ಕೂಡ ಆ ಲೆಕ್ಕದ ಮೇಲೇ ನಿಂತಿದೆ. ಕ್ಲಾಸಿನಲ್ಲಿ ಡಿಸಿಟಿ ಸೂತ್ರ ಉರು ಹೊಡೆದ ನನಗೆ ಅದು ನಮ್ಮೂರ ಕಡೆಯವರದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಇಲ್ಲಿ ಒಂದು ಸೂಕ್ಷ್ಮ. ಡಿಸಿಟಿ ಲೆಕ್ಕ ಮಾತ್ರದಿಂದ ಏನೂ ಕಳೆದುಹೋಗಲ್ಲ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಕಳೆದುಹೋಗೋದು ಆಮೇಲಿನ ಒರಟು ಲೆಕ್ಕದಲ್ಲಿ. 37 ರೂಪಾಯಿ 40 ಪೈಸೆಯನ್ನು 40 ರೂಪಾಯಿ ಅಂತ ಬರೆದುಕೊಂಡ ಮೇಲೆ, ಮೊದಲು ಎಷ್ಟಿತ್ತು ಅಂತ ಆ 40ನ್ನು ನೋಡಿ ಹೇಳೋಕಾಗಲ್ಲ ಅಲ್ವಾ? ಹಾಗೆ.

ಇನ್ನು ಮೂರು ತಪ್ಪು ತಿಳಿವಳಿಕೆ ಬಿಡಿಸಿಬಿಡೋಣ. ಒಂದು, ಜೆಪೆಗ್ ಫೈಲನ್ನು ತೆರೆದು ನೋಡಿದರೆ, ಕಾಪಿ ಮಾಡಿದರೆ ಅದು ಸವೆಯಲ್ಲ. ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗ ಮಾತ್ರ ಮತ್ತೊಮ್ಮೆ ಒರಟು ಲೆಕ್ಕ ನಡೆಯುತ್ತೆ. ಅದರಲ್ಲೂ ಅಂಚು ಕತ್ತರಿಸಿದರೆ ಆ ಎಂಟೆಂಟರ ಚೌಕಗಳು ಸರಿದುಹೋಗಿ ಹೊಸದಾಗಿ ಪೆಟ್ಟು ಬೀಳುತ್ತೆ. ಎರಡು, ಕ್ವಾಲಿಟಿ 100 ಅಂದರೆ ಏನೂ ಕಳೆಯಲ್ಲ ಅಂತಲ್ಲ, ಕಡಿಮೆ ಕಳೆಯುತ್ತೆ ಅಂತ. ಮೂರು, ಒಂದು ಸಾಫ್ಟ್‌ವೇರಿನ 80, ಇನ್ನೊಂದರ 80 ಒಂದೇ ಅಲ್ಲ. ಫೋಟೋಶಾಪ್‌ನ ಹಳೇ ಕಿಟಕಿಯಲ್ಲಂತೂ ಅಳತೆ 0ಯಿಂದ 12. ಅಂಕಿ ನಂಬಬೇಡಿ, ಮುಂಚೆಯೇ ತೋರಿಸೋ ಪ್ರಿವ್ಯೂನಲ್ಲಿ ಕೂದಲು, ಎಲೆ, ಅಕ್ಷರದ ಅಂಚು ನೋಡಿ ನಿರ್ಧರಿಸಿ.

ಹಳದಿ–ಕೆಂಪು ಬಾವುಟ ಕಲಿಸಿದ ಪಾಠ

ಇಲ್ಲಿಯ ನಾವೊಂದಷ್ಟು ಕನ್ನಡದವರು ನವೆಂಬರ್‌ನಲ್ಲಿ ಸೇರ್ತೀವಿ. ಒಂದು ಸಲ ಆಹ್ವಾನ ಪತ್ರಿಕೆ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಮೇಲೆ ಹಳದಿ–ಕೆಂಪು ಬಾವುಟ, ಕೆಳಗೆ ಕನ್ನಡ ಅಕ್ಷರ. ಜೆಪೆಗ್ ಮಾಡಿ ಕಳಿಸಿದೆ. ಹಳದಿ ಕೆಂಪು ಸೇರುವ ಗೆರೆಯ ಹತ್ತಿರ ಕೊಳಕು ಬಣ್ಣ ಹರಡಿಕೊಂಡಿತ್ತು. ಒತ್ತಕ್ಷರಗಳ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿ ಚುಕ್ಕಿ.

ಕಾರಣ ಎರಡು. ಅಕ್ಷರದ ಅಂಚು ಅಂದರೆ ಕಪ್ಪಿನಿಂದ ಬಿಳಿಗೆ ಒಂದೇ ಜಿಗಿತ. ಆ ಜಿಗಿತ ಕಟ್ಟೋಕೆ ಸಣ್ಣ ಅಲೆಗಳೇ ಬೇಕು, ಜೆಪೆಗ್ ಎಸೆಯೋದು ಅವನ್ನೇ. ಎರಡನೆಯದು, ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತೆ, ಬಣ್ಣದ ಏರಿಳಿತವನ್ನು ಅಷ್ಟಾಗಿ ಹಿಡಿಯಲ್ಲ. ಅದಕ್ಕೇ ಜೆಪೆಗ್ ಬೆಳಕನ್ನು ಬೇರೆ, ಬಣ್ಣವನ್ನು ಬೇರೆ ಮಾಡಿ, ಬಣ್ಣವನ್ನು ಸಾಮಾನ್ಯವಾಗಿ ಅರ್ಧ ಅಗಲ, ಅರ್ಧ ಎತ್ತರದಲ್ಲಿ ಮಾತ್ರ ಇಟ್ಟುಕೊಳ್ಳುತ್ತೆ. ನಾಲ್ಕು ಪಿಕ್ಸೆಲ್‌ಗೆ ಒಂದೇ ಬಣ್ಣ. ಮುಖಕ್ಕೆ, ಆಕಾಶಕ್ಕೆ ಇದು ಗೊತ್ತೇ ಆಗಲ್ಲ. ನಮ್ಮ ಬಾವುಟಕ್ಕೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ಗಿಂಪ್‌ನಲ್ಲಿ ಜೆಪೆಗ್ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್‌ಡ್ ಒಳಗೆ ಸಬ್‌ಸ್ಯಾಂಪ್ಲಿಂಗ್ ಅಂತ ಇರುತ್ತೆ, ಅಲ್ಲಿ 4:4:4 ಆರಿಸಿದರೆ ಬಣ್ಣ ಪೂರ್ತಿ ಉಳಿಯುತ್ತೆ.

ಅದಕ್ಕಿಂತ ಸುಲಭ ದಾರಿ ಪಿಎನ್‌ಜಿ. 1996ರಲ್ಲಿ ಬಂದಿದ್ದು. ಏನನ್ನೂ ಎಸೆಯದೆ ಮಡಚಿಡೋ ಫಾರ್ಮ್ಯಾಟ್. ಅಕ್ಷರ, ಗೆರೆ, ಲೋಗೋ, ಸ್ಕ್ರೀನ್‌ಶಾಟ್ ಇದ್ದರೆ ಪಿಎನ್‌ಜಿ ಮಾಡಿ. ಹಿನ್ನೆಲೆ ಪಾರದರ್ಶಕ ಇದ್ದರೂ ಪಿಎನ್‌ಜಿಯೇ, ಯಾಕಂದರೆ ಜೆಪೆಗ್‌ಗೆ ಪಾರದರ್ಶಕತೆ ಗೊತ್ತೇ ಇಲ್ಲ, ಲೋಗೋ ಹಿಂದೆ ಬಿಳಿ ಡಬ್ಬ ಬಂದು ಕೂತುಬಿಡುತ್ತೆ. ಆದರೆ ಪೂಜೆಯ ಜನಸಾಗರದ ಫೋಟೋವನ್ನು ಪಿಎನ್‌ಜಿ ಮಾಡಿದರೆ ಸುಮ್ಮನೆ ಹತ್ತಾರು ಎಂಬಿ ಆಗುತ್ತೆ. ಫೋಟೋಗೆ ಜೆಪೆಗ್, ಬರಹಕ್ಕೆ ಪಿಎನ್‌ಜಿ, ಇಷ್ಟು ನೆನಪಿದ್ದರೆ ಸಾಕು. ವೆಬ್‌ಸೈಟಿಗೆ ಅಂತ ಇದ್ದರೆ ಗೂಗಲ್ 2010ರಲ್ಲಿ ತಂದ ವೆಬ್‌ಪಿ ಇನ್ನೂ ಚಿಕ್ಕದಾಗುತ್ತೆ. ಪ್ರಿಂಟಿಗೆ, ಕಾಪಿಡೋದಕ್ಕೆ ಟಿಫ್ ಒಳ್ಳೆಯದು.

ಸಿಂಧೂರದ ಕೆಂಪು ಯಾಕೆ ಮಂಕಾಯ್ತು?

ಕೋಲ್ಕತ್ತಾದ ದುರ್ಗಾಪೂಜೆ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಆಮೇಲಂತೂ ವಿಜಯದಶಮಿಯ ಸಿಂಧೂರ್ ಖೇಲಾ ದಿನ ಪಂಡಾಲ್‌ಗಳಲ್ಲಿ ಕ್ಯಾಮೆರಾಗಳದ್ದೇ ಸಂತೆ. ಹೆಂಗಸರು ಒಬ್ಬರಿಗೊಬ್ಬರು ಸಿಂಧೂರ ಹಚ್ಚಿಕೊಳ್ತಾರೆ, ಎಲ್ಲಿ ನೋಡಿದರೂ ಕೆಂಪು. ನನ್ನ ಸಹೋದ್ಯೋಗಿಯೊಬ್ಬರು ಆ ಫೋಟೋ ತೋರಿಸಿ ಕೇಳಿದರು: "ನನ್ನ ಸ್ಕ್ರೀನ್‌ನಲ್ಲಿ ಬೆಂಕಿ ಥರ ಇತ್ತು. ಅಪ್‌ಲೋಡ್ ಮಾಡಿದ ಮೇಲೆ ಒಣಗಿದ ಮೆಣಸಿನಕಾಯಿ ಥರ ಆಗಿದೆ. ಯಾಕೆ?"

ಬಣ್ಣದ ಅಂಕಿಗಳು ತಾವಾಗಿಯೇ ಏನೂ ಹೇಳಲ್ಲ. ಅವನ್ನು ಯಾವ ಅಳತೆಗೋಲಿನಲ್ಲಿ ಓದಬೇಕು ಅಂತ ಜೊತೆಗೆ ಹೇಳಬೇಕು. ಆ ಅಳತೆಗೋಲೇ ಕಲರ್ ಪ್ರೊಫೈಲ್. ಫೋನು, ಬ್ರೌಸರು, ಸಾಮಾನ್ಯ ಮಾನಿಟರುಗಳ ಊರಭಾಷೆ ಎಸ್‌ಆರ್‌ಜಿಬಿ. ಫೋಟೋಗ್ರಾಫರುಗಳು ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಆರಿಸಿಕೊಂಡಿರ್ತಾರೆ, ಅದು ಹೆಚ್ಚು ಬಣ್ಣ ಹಿಡಿಯುತ್ತೆ ಅಂತ. ಎಸ್‌ಆರ್‌ಜಿಬಿಯ ಅಚ್ಚ ಕೆಂಪು 255 ಅಂದರೆ, ಅಡೋಬಿ ಆರ್‌ಜಿಬಿಯಲ್ಲಿ ಅದೇ ಕೆಂಪಿಗೆ 219 ಅಂತ ಬರೀತಾರೆ. ಪ್ರೊಫೈಲ್ ಜೊತೆಯಲ್ಲಿಲ್ಲದೆ ಹೋದರೆ ಆ ಕಡೆಯ ಸಾಫ್ಟ್‌ವೇರ್ 219ನ್ನು ಎಸ್‌ಆರ್‌ಜಿಬಿಯ 219 ಅಂತಲೇ ಓದುತ್ತೆ. ಕೆಂಪು ಮಂಕಾಗೋದು ಅಲ್ಲೇ. ಹಾಗಾಗಿ ಸ್ಕ್ರೀನಿಗೆ ಹೋಗುವ ಯಾವ ಚಿತ್ರವಾದರೂ ಎಕ್ಸ್‌ಪೋರ್ಟ್ ಮಾಡುವಾಗ ‘ಕನ್ವರ್ಟ್ ಟು ಎಸ್‌ಆರ್‌ಜಿಬಿ’ ಮತ್ತು ‘ಎಂಬೆಡ್ ಪ್ರೊಫೈಲ್’ ಎರಡಕ್ಕೂ ಟಿಕ್ ಹಾಕಿ.

ಅದೇ ಕಿಟಕಿಯಲ್ಲಿ ಮೆಟಾಡೇಟಾ ಅಂತ ಇರುತ್ತೆ. ಫೋನಿನಲ್ಲಿ ತೆಗೆದ ಫೋಟೋ ಒಳಗೆ ಜಾಗದ ಅಕ್ಷಾಂಶ ರೇಖಾಂಶ ಕೂತಿರಬಹುದು. ಮನೆಯಲ್ಲಿ ತೆಗೆದ ಮಗುವಿನ ಫೋಟೋವನ್ನು ಎಲ್ಲರೂ ನೋಡೋ ಜಾಗಕ್ಕೆ ಹಾಕೋ ಮುಂಚೆ ಅದನ್ನು ತೆಗೆಯಿರಿ. ಮೂಲದಲ್ಲಿ ಮಾತ್ರ ತೆಗೀಬೇಡಿ. ಇಪ್ಪತ್ತು ವರ್ಷ ಬಿಟ್ಟು "ಇದು ಎಲ್ಲಿ ತೆಗೆದಿದ್ದು?" ಅಂತ ಕೇಳಿದರೆ ಅದೇ ಹೇಳೋದು.

ಎಲ್ಲಿಗೆ ಹೋಗುತ್ತೆ ಅಂತ ಮೊದಲು ಕೇಳಿಕೊಳ್ಳಿ

ಎಕ್ಸ್‌ಪೋರ್ಟ್ ಕಿಟಕಿ ತೆರೆದ ತಕ್ಷಣ ಎಷ್ಟು ಕ್ವಾಲಿಟಿ ಅಂತ ಯೋಚನೆ ಮಾಡಬೇಡಿ. ಎಲ್ಲಿಗೆ ಅಂತ ಯೋಚನೆ ಮಾಡಿ. ಉಳಿದಿದ್ದೆಲ್ಲ ಅದರಿಂದಲೇ ತೀರ್ಮಾನ ಆಗುತ್ತೆ.

ವಾಟ್ಸಾಪ್‌ಗೆ: ಫೋಟೋ ಆಗಿ ಕಳಿಸಿದರೆ ಅದು ತಾನೇ ಇನ್ನೊಂದು ಸಲ ಕುಗ್ಗಿಸುತ್ತೆ, ಸಾಮಾನ್ಯವಾಗಿ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ. ನೀವೇ 1600ಕ್ಕೆ ಇಳಿಸಿ ಕಳಿಸಿದರೆ ಫಲಿತಾಂಶ ನಿಮ್ಮ ಹತೋಟಿಯಲ್ಲಿರುತ್ತೆ. ಪ್ರಿಂಟ್ ಹಾಕಿಸೋಕೆ ಅಂತ ಕಳಿಸ್ತಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೈಲು ಇದ್ದ ಹಾಗೇ ಹೋಗುತ್ತೆ.

ಪ್ರಿಂಟಿಗೆ: ಇಂಚನ್ನು 300ರಿಂದ ಗುಣಿಸಿ. 4ಕ್ಕೆ 6 ಇಂಚಿನ ಫೋಟೋಗೆ 1200ಕ್ಕೆ 1800 ಪಿಕ್ಸೆಲ್. 12ಕ್ಕೆ 18ಕ್ಕೆ 3600ಕ್ಕೆ 5400. ಫೈಲಿನಲ್ಲಿ 72 ಡಿಪಿಐ ಅಂತ ಇದೆ ಅಂತ ಕೆಲವರು ಹೆದರ್ತಾರೆ. ಅದು ಬರೀ ಚೀಟಿ. ಪಿಕ್ಸೆಲ್ ಎಷ್ಟಿದೆ ಅನ್ನೋದಷ್ಟೇ ಲೆಕ್ಕ. 640 ಪಿಕ್ಸೆಲ್‌ನ ಚಿತ್ರಕ್ಕೆ 300 ಡಿಪಿಐ ಅಂತ ಚೀಟಿ ಅಂಟಿಸಿದರೆ ಅದೇನೂ ದೊಡ್ಡದಾಗಲ್ಲ.

ಅರ್ಜಿಗೆ: ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕಿದವರಿಗೆ ಗೊತ್ತು, ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ. ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದರೆ 4000 ಪಿಕ್ಸೆಲ್‌ನ ಫೋಟೋ ಇಟ್ಟುಕೊಂಡು ಕ್ವಾಲಿಟಿಯನ್ನು 5ಕ್ಕೆ ಇಳಿಸೋದು. ಮುಖ ಇಟ್ಟಿಗೆ ಜೋಡಿಸಿದ ಹಾಗೆ ಆಗುತ್ತೆ. ಮೊದಲು ಅವರು ಹೇಳಿದ ಪಿಕ್ಸೆಲ್ ಅಳತೆಗೆ, ಉದಾಹರಣೆಗೆ 200ಕ್ಕೆ 230ಕ್ಕೆ ಇಳಿಸಿ. ಆಮೇಲೆ ಕ್ವಾಲಿಟಿ 90 ಇಟ್ಟರೂ ಬಹುತೇಕ ಮಿತಿಯೊಳಗೇ ಬರುತ್ತೆ. ಮೊದಲು ಅಳತೆ, ಆಮೇಲೆ ಕ್ವಾಲಿಟಿ.

ಎಸ್.ಎನ್. ಬ್ಯಾನರ್ಜಿ ರಸ್ತೆಯ ಆ ಕಟ್ಟಡ

ಈ ಮೂಲ–ನಕಲಿನ ಪಾಠವನ್ನು ಕೋಲ್ಕತ್ತಾ ಕಂಪ್ಯೂಟರ್ ಬರೋದಕ್ಕೂ ಎಷ್ಟೋ ಮುಂಚಿನಿಂದ ಬಲ್ಲದು. ಎಸ್ಪ್ಲನೇಡ್ ಹತ್ತಿರ ಎಸ್.ಎನ್. ಬ್ಯಾನರ್ಜಿ ರಸ್ತೆಯಲ್ಲಿ ಬೋರ್ನ್ ಅಂಡ್ ಶೆಫರ್ಡ್ ಅನ್ನೋ ಸ್ಟುಡಿಯೋ ಇತ್ತು. ಜಗತ್ತಿನ ಅತಿ ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಒಂದು. 1863ರಲ್ಲಿ ಭಾರತಕ್ಕೆ ಬಂದ ಸ್ಯಾಮ್ಯುಯೆಲ್ ಬೋರ್ನ್ ಗಾಜಿನ ಫಲಕಗಳ ಮೇಲೆ ಚಿತ್ರ ತೆಗೀತಿದ್ದರು. ಒಂದು ಗಾಜಿನ ನೆಗೆಟಿವ್‌ನಿಂದ ಬೇಕಾದಷ್ಟು ಪ್ರಿಂಟ್ ತೆಗೆದು ಮಾರಬಹುದಿತ್ತು. ನೆಗೆಟಿವ್ ಹಿಟ್ಟು, ಪ್ರಿಂಟ್ ದೋಸೆ.

1991ರ ಫೆಬ್ರವರಿಯಲ್ಲಿ ಆ ಕಟ್ಟಡಕ್ಕೆ ಬೆಂಕಿ ಬಿತ್ತು. ಸಂಗ್ರಹದ ಬಹುಪಾಲು ಸುಟ್ಟುಹೋಯಿತು. 2016ರಲ್ಲಿ ಸ್ಟುಡಿಯೋ ಬಾಗಿಲೂ ಮುಚ್ಚಿತು. ಆದರೆ ಬೋರ್ನ್ ಅಂಡ್ ಶೆಫರ್ಡ್ ಚಿತ್ರಗಳನ್ನು ನಾವು ಇವತ್ತೂ ನೋಡಬಹುದು. ಲಂಡನ್‌ನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಇನ್ನೂ ಎಷ್ಟೋ ಕಡೆ. ಅವೆಲ್ಲ ಹಿಂದೆ ಊರೂರಿಗೆ ಹೋಗಿದ್ದ ಪ್ರಿಂಟುಗಳು. ಆ ಕಟ್ಟಡದ ಮುಂದೆ ಹೋಗುವಾಗಲೆಲ್ಲ ನನಗೆ ಎರಡು ವಿಷಯ ಒಟ್ಟಿಗೆ ಹೊಳೆಯುತ್ತೆ. ಮೂಲವನ್ನು ಒಂದೇ ಕಡೆ ಇಟ್ಟರೆ ಒಂದು ರಾತ್ರಿ ಸಾಕು. ಮತ್ತೆ, ಮೂಲ ಹೋದಾಗ ಕೊನೆಗೆ ಕೈಗೆ ಸಿಗೋದು ನಾವು ಹೊರಗೆ ಕಳಿಸಿದ ನಕಲೇ. ಆದ್ದರಿಂದ ಮೂಲ ಜೋಪಾನ ಮಾಡಿ, ನಕಲನ್ನೂ ಕಳಪೆ ಮಾಡಿ ಕಳಿಸಬೇಡಿ.

ನಾನು ಈಗ ಮಾಡೋದು

ಒಂದೊಂದು ಸಂದರ್ಭಕ್ಕೂ ಮೂರು ಫೋಲ್ಡರ್. ‘ಮೂಲ’ ಅಂತ ಒಂದು, ಕ್ಯಾಮೆರಾದಿಂದ ಬಂದಿದ್ದು ಇದ್ದ ಹಾಗೇ. ಇದರೊಳಗಿನ ಫೈಲುಗಳನ್ನು ರೀಡ್ ಓನ್ಲಿ ಮಾಡಿಬಿಡ್ತೀನಿ, ಕೈ ತಪ್ಪಿ ಕಂಟ್ರೋಲ್ ಎಸ್ ಒತ್ತಿದರೂ ಸುಲಭಕ್ಕೆ ಬಿಡಲ್ಲ. ‘ಕೆಲಸ’ ಅಂತ ಒಂದು, ಎಕ್ಸ್‌ಸಿಎಫ್ ಫೈಲುಗಳಿಗೆ. ‘ಕಳಿಸಿದ್ದು’ ಅಂತ ಇನ್ನೊಂದು, ಎಕ್ಸ್‌ಪೋರ್ಟ್ ಆದವಕ್ಕೆ, ಹೆಸರಲ್ಲೇ ಎಲ್ಲಿಗೆ, ಎಷ್ಟು ಪಿಕ್ಸೆಲ್ ಅಂತ ಇರುತ್ತೆ. ಮೂರನೆಯದನ್ನು ಯಾವಾಗ ಬೇಕಾದರೂ ಅಳಿಸಬಹುದು, ಮತ್ತೆ ಹುಯ್ಯಬಹುದು. ಮೊದಲ ಎರಡರ ಪ್ರತಿ ಒಂದು ಹೊರಗಿನ ಡಿಸ್ಕ್‌ನಲ್ಲಿ ಇಲ್ಲಿದೆ, ಇನ್ನೊಂದು ಡಿಸ್ಕ್ ಅರಸೀಕೆರೆಯಲ್ಲಿ ಅತ್ತೆಯ ಬೀರುವಿನಲ್ಲಿದೆ. ಊರಿಗೆ ಹೋದಾಗಲೆಲ್ಲ ಹೊಸದನ್ನು ತುಂಬಿಸಿ ಬರ್ತೀನಿ. ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡೋದು ಎರಡು ಕಡೆ ಪ್ರತಿ ಇದೆ ಅಂತ ಕಣ್ಣಾರೆ ನೋಡಿದ ಮೇಲೆಯೇ.

ತಿಥಿಯ ದಿನ ಹಾಲಿನಲ್ಲಿ ದೊಡ್ಡದಾಗಿ ಇಟ್ಟಿದ್ದು ಬೇರೆ ಫೋಟೋ, ಯಾವುದೋ ಮದುವೆಯಲ್ಲಿ ಸ್ಟುಡಿಯೋದವರು ತೆಗೆದಿದ್ದು. ಅದರಲ್ಲಿ ಅಜ್ಜಿ ನಗ್ತಾ ಇಲ್ಲ. ಪ್ರಿನ್ಸೆಪ್ ಘಾಟ್‌ನ ಆ 640 ಪಿಕ್ಸೆಲ್ಲನ್ನು ಎರಡು ಇಂಚಿನ ಪ್ರಿಂಟ್ ಹಾಕಿಸಿದೆ. ಅಷ್ಟು ಚಿಕ್ಕದರಲ್ಲಿ ಅದು ಚೆನ್ನಾಗಿಯೇ ಬಂದಿದೆ. ಅತ್ತೆ ಅದನ್ನು ದೇವರ ಮನೆಯಲ್ಲಿ ಕುಂಕುಮದ ಬಟ್ಟಲಿನ ಪಕ್ಕ ಇಟ್ಟುಕೊಂಡಿದ್ದಾರೆ. "ಕೈಯಲ್ಲಿ ಏನೋ ಹಿಡ್ಕೊಂಡಿದ್ದಳಲ್ಲ?" ಅಂತ ಒಮ್ಮೆ ಕೇಳಿದರು. ಹೇಳಿದೆ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ನಿಮಗೆ ಬೇಕಾದವರ ಒಂದು ಫೋಟೋ ತೆಗೆದು, ಅದರ ಪ್ರಾಪರ್ಟೀಸ್‌ನಲ್ಲಿ ಎಷ್ಟು ಪಿಕ್ಸೆಲ್ ಇದೆ ನೋಡಿ. ಸಾವಿರದ ಒಳಗಿದ್ದರೆ ಅದು ನಕಲು. ಮೂಲ ಯಾರ ಫೋನಿನಲ್ಲಿದೆ ಅಂತ ಈಗಲೇ ಕೇಳಿ, ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಅವರು ಫೋನ್ ಬದಲಾಯಿಸೋ ಮುಂಚೆ.

ಮುಂದಿನ ಮಾತಿನಲ್ಲಿ ಹಳೇ ಆಲ್ಬಮ್ ಸ್ಕ್ಯಾನ್ ಮಾಡೋದು ಹೇಗೆ ಅಂತ ನೋಡೋಣ.